ಯಂತ್ರದ ಮುಖ, ಮನುಷ್ಯನ ಕೈ

ಮಕ್ಕಳನ್ನು ಯಾವ ಉದ್ಯೋಗಕ್ಕೆ ಹಚ್ಚಬೇಕೆಂಬ ವಿಚಾರವು ಪರೀಕ್ಷೆಗಳು ಮುಗಿಯುತ್ತಲೆ ಮನೆಮನೆಯಲ್ಲಿಯೂ ಮೊದಲಾಗುತ್ತದೆ. ವೈದ್ಯ, ವಕೀಲ, ಎಂಜಿನಿಯರ, ಮಾಸ್ತರ ಎಂಬ ನಾಲ್ಕು ಹೆಸರುಗಳನ್ನು ಹಿರಿಯರು ಬಲ್ಲರು. ಅವುಗಳ ಆಚೆಗಿನ ಹೆಸರೊಂದು ಕಿವಿಗೆ ಬಿದ್ದರೆ, ಅದರಿಂದ ಹೊಟ್ಟೆ ತುಂಬುವದೆ ಎಂದು ಕೇಳುತ್ತಾರೆ. ಹೀಗೆ ಕೇಳುವದು ಹಿರಿಯರ ಕರ್ತವ್ಯವೇ ಸರಿ. ಆದರೆ ಉತ್ತರವನ್ನು ಕೇಳಿಕೊಳ್ಳುವ ತಾಳ್ಮೆಯೂ ಅವರಲ್ಲಿರಬೇಕು. ಈಚೆಗೆ ಕಾಲೇಜಿನ ಹುಡುಗ ಹುಡುಗಿಯರ ಬಾಯಲ್ಲಿ ‘ಯು.ಐ. ಡಿಸೈನ್’, ‘ಯು.ಎಕ್ಸ್. ಡಿಸೈನ್’ ಎಂಬ ಹೆಸರುಗಳು ಕೇಳಿಬರಹತ್ತಿವೆ. ಇದು ಚಿತ್ರ ಬರೆಯುವ ಹವ್ಯಾಸವೋ, ಗಣಕಯಂತ್ರದ ವಿದ್ಯೆಯೋ, ಕೇವಲ ಹೊಸ ಕಾಲದ ಹುಚ್ಚೋ ಎಂದು ತಂದೆತಾಯಿಗಳು ತೊಳಲಾಡುತ್ತಾರೆ. ಆದುದರಿಂದ ಈ ತಿಂಗಳು ಆ ಉದ್ಯೋಗದ ಸ್ವರೂಪವನ್ನು ವಾಚಕರ ಮುಂದೆ ಇಡಬೇಕೆಂದು ಮಾಡಿದ್ದೇವೆ.

ಹೆಸರು ಇಂಗ್ಲಿಷಿನದಾದರೂ ಅರ್ಥವು ಸುಲಭವಾಗಿದೆ. ಗಣಕಯಂತ್ರವಾಗಲಿ, ಮೊಬೈಲ್ ಫೋನಾಗಲಿ, ಬ್ಯಾಂಕಿನ ಎ.ಟಿ.ಎಂ. ಆಗಲಿ, ಅದಕ್ಕೆ ಒಳಗಿನ ಭಾಗವೊಂದು, ಹೊರಗಿನ ಮುಖವೊಂದು. ಒಳಗೆ ಲೆಕ್ಕಾಚಾರ ನಡೆಯುತ್ತದೆ; ಅದನ್ನು ಕಟ್ಟುವವರು ಪ್ರೋಗ್ರಾಮರರು. ಹೊರಗೆ ನಮಗೆ ಕಾಣುವ ಅಕ್ಷರ, ಚಿತ್ರ, ಗುಂಡಿ, ಬಣ್ಣ, ಕೇಳುವ ಧ್ವನಿ ಇವೆಲ್ಲ ಕೂಡಿ ಯಂತ್ರದ ಮುಖವಾಗುತ್ತದೆ. ಈ ಮುಖವನ್ನು ರೂಪಿಸುವದೇ ಯೂಸರ್ ಇಂಟರ್‌ಫೇಸ್ ಡಿಸೈನ್. ಆ ಮುಖದ ಎದುರಿಗೆ ನಿಂತ ಮನುಷ್ಯನಿಗೆ ತಾನು ಬಂದ ಕೆಲಸವು ಕೈಗೂಡುವದೋ ಇಲ್ಲವೋ ಎಂದು ಪರೀಕ್ಷಿಸಿ ತಿದ್ದುವದು ಯೂಸಬಿಲಿಟಿ. ಇದನ್ನು ನಾವು ಬಳಕೆಯ ಸೌಲಭ್ಯವೆಂದು ಕರೆಯಬಹುದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಇದಕ್ಕೊಂದು ಲಕ್ಷಣವನ್ನು ಹೇಳಿತು. ಅದರಲ್ಲಿ ಮೂರು ಅಂಶಗಳುಂಟು: ಕೆಲಸವು ಸರಿಯಾಗಿ ಆಗಬೇಕು, ವ್ಯರ್ಥ ಶ್ರಮವಿಲ್ಲದೆ ಆಗಬೇಕು, ಮಾಡಿದವನ ಮನಸ್ಸಿಗೆ ಸಮಾಧಾನವಾಗಬೇಕು.

ಈ ಮಾತು ನಮ್ಮ ಸಿರಸಂಗಿಯವರಿಗೆ ಹೊಸದಲ್ಲ. ಇಲ್ಲಿಯ ಕಾಳಿಕಾದೇವಿಯು ವಿಶ್ವಕರ್ಮ ಸಮಾಜದವರ ಆರಾಧ್ಯದೇವತೆ. ಬಡಿಗರು, ಕಮ್ಮಾರರು, ಅಕ್ಕಸಾಲಿಗರು, ಶಿಲ್ಪಿಗಳು ದೂರದೂರದಿಂದ ದರ್ಶನಕ್ಕೆ ಬರುತ್ತಾರೆ. ಕೈಕಸಬಿನವರ ಧರ್ಮವೇನು? ಉಪಕರಣವು ಹಿಡಿಯುವ ಕೈಗೆ ಒಗ್ಗಬೇಕು. ಕುಡುಗೋಲಿನ ಹಿಡಿ ದಪ್ಪವಾದರೆ ಹೆಣ್ಣುಮಗಳ ಅಂಗೈ ಬೊಬ್ಬೆಯೇಳುವದು. ರಂಟೆಯ ಹಿಡಿ ಗಿಡ್ಡವಾದರೆ ಒಕ್ಕಲಿಗನ ನಡು ಬಾಗುವದು. ಹಾಗಾದಾಗ ಒಕ್ಕಲಿಗನು, ನನ್ನ ನಡುವೇ ಕೆಟ್ಟದ್ದು, ಎಂದು ಅಳುತ್ತ ಕೂಡುವದಿಲ್ಲ. ಬಡಿಗನ ಮನೆಗೆ ಹೋಗಿ ಹಿಡಿಯನ್ನು ಬದಲಿಸಿಕೊಂಡು ಬರುತ್ತಾನೆ. ಬಡಿಗನಾದರೂ ಅವನ ನಿಲುವನ್ನು ಕಣ್ಣಿನಿಂದ ಅಳೆದು ಹಿಡಿಯನ್ನು ಕೂಡಿಸುತ್ತಾನೆ. ಇಷ್ಟು ವಿವೇಕವು ಮರ, ಕಬ್ಬಿಣಗಳ ವಿಷಯದಲ್ಲಿ ನಮಗಿದೆ. ಗಾಜಿನ ಪರದೆಯ ಎದುರಿಗೆ ನಿಂತಾಗ ಮಾತ್ರ ಅದು ನಮ್ಮನ್ನು ಬಿಟ್ಟುಹೋಗುತ್ತದೆ. ಗುಂಡಿ ಸಿಕ್ಕದಿದ್ದರೆ, ಅಕ್ಷರ ತಿಳಿಯದಿದ್ದರೆ, ನಾವು ಕಲಿಯದವರು, ನಮಗೆ ಬುದ್ಧಿ ಸಾಲದು, ಎಂದು ತಲೆ ತಗ್ಗಿಸುತ್ತೇವೆ.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ನಾಲ್ಕು ಸಂಗತಿಗಳನ್ನು ಹೇಳುವ ಪದ್ಧತಿಯುಂಟು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥವನ್ನು ಓದಲು ಯಾರು ಯೋಗ್ಯರೆಂಬದನ್ನು ಮೊದಲೇ ನಿರ್ಣಯಿಸಬೇಕು. ಯೋಗ್ಯನಲ್ಲದವನು ಯೋಗ್ಯನಾಗಿ ಬರಬೇಕು. ವಿದ್ಯೆಯ ವಿಷಯದಲ್ಲಿ ಇದು ಸರಿಯಾದ ಕ್ರಮವೇ. ಆದರೆ ನಾವು ವಿವರಿಸುತ್ತಿರುವ ಹೊಸ ಕಸಬು ಈ ಕ್ರಮವನ್ನು ತಿರುವುಮುರುವು ಮಾಡುತ್ತದೆ. ಇಲ್ಲಿ ಮನುಷ್ಯನು ಯಂತ್ರಕ್ಕೆ ಅಧಿಕಾರಿಯೇ ಎಂದು ಕೇಳುವದಿಲ್ಲ. ಯಂತ್ರವು ಈ ಮನುಷ್ಯನಿಗೆ ತಕ್ಕುದೇ ಎಂದು ಕೇಳುತ್ತಾರೆ. ಪಿಂಚಣಿಯ ಮುದುಕನೂ, ಸಾಲೆಯ ಮುಖವನ್ನು ನೋಡದ ಮುದುಕಿಯೂ ಬಂದು ನಿಂತಾಗ ತಕ್ಕವರಾಗಬೇಕಾದವರು ಅವರಲ್ಲ, ಯಂತ್ರ. ಈ ಉದ್ಯೋಗದ ಮೂಲಸೂತ್ರವು ಇದೊಂದೇ. ಉಳಿದುದೆಲ್ಲ ಅದರ ಭಾಷ್ಯ.

ಈ ಸೂತ್ರವು ಹುಟ್ಟಿದ ಸಂದರ್ಭವನ್ನು ಕೇಳಿರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕೆಯ ಬಿ-17 ಎಂಬ ಬಾಂಬರ್ ವಿಮಾನಗಳು ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ಒಮ್ಮೆಲೆ ಗಾಲಿ ಮಡಿಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ವಿಮಾನ ನಡೆಸುವವರ ಅಜಾಗರೂಕತೆಯೆಂದು ವರದಿಗಳಲ್ಲಿ ಬರೆದುಬಿಡುತ್ತಿದ್ದರು. ಆಲ್ಫಾನ್ಸ್ ಚಾಪಾನಿಸ್ ಎಂಬ ಮನಃಶಾಸ್ತ್ರಜ್ಞನು ವಿಮಾನದೊಳಗೆ ಹೋಗಿ ನೋಡಲಾಗಿ, ಗಾಲಿಯನ್ನು ಮಡಿಚುವ ಹಿಡಿಯೂ ರೆಕ್ಕೆಯ ಫಲಕಗಳನ್ನು ಮಡಿಚುವ ಹಿಡಿಯೂ ಪಕ್ಕಪಕ್ಕದಲ್ಲಿ ಒಂದೇ ಆಕಾರದಲ್ಲಿ ಇದ್ದವು. ದಣಿದ ಕೈ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿತ್ತು. ಅವನು ಗಾಲಿಯ ಹಿಡಿಗೆ ಗಾಲಿಯ ಆಕಾರವನ್ನೂ, ರೆಕ್ಕೆಯ ಹಿಡಿಗೆ ಬೆಣೆಯ ಆಕಾರವನ್ನೂ ಕೊಡಿಸಿದನು. ಕಣ್ಣು ನೋಡದಿದ್ದರೂ ಬೆರಳು ಗುರುತಿಸಿತು. ಆ ಬಗೆಯ ಅಪಘಾತ ನಿಂತಿತು. ಶಿಕ್ಷೆಯಿಂದ ಆಗದ ಕೆಲಸವು ಎರಡು ಸಣ್ಣ ತುಂಡುಗಳಿಂದ ಆಯಿತು. ಒಬ್ಬನು ತಪ್ಪಿದರೆ ಅವನನ್ನು ನೋಡಬೇಕು. ಅನೇಕರು ಒಂದೇ ಕಡೆಗೆ ತಪ್ಪಿದರೆ ಆ ಜಾಗವನ್ನು ನೋಡಬೇಕು. ಇದು ಈ ಕಸಬಿನ ಮೊದಲನೆಯ ಪಾಠ.

ಇದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ಉದಾಹರಣೆಯೊಂದಿದೆ. 1951-52ರಲ್ಲಿ ಮೊದಲನೆಯ ಸಾರ್ವತ್ರಿಕ ಚುನಾವಣೆಯು ನಡೆದಾಗ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 18 ಜನರು ಮಾತ್ರ. ಓದು ಕಲಿತ ಮೇಲೆ ಮತ ಹಾಕಬೇಕೆಂದು ಆಗ ಹೇಳಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದು ಚಿಹ್ನೆಯನ್ನು ಕೊಟ್ಟು, ಆ ಚಿಹ್ನೆಯನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳನ್ನು ಇಟ್ಟರು. ಮತದಾರನು ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿದರೆ ತೀರಿತು. ಮುಂದೆ ಮತಯಂತ್ರಗಳು ಬಂದವು. ಅವುಗಳನ್ನು ತಯಾರಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದು. ರೂಪವನ್ನು ಗೊತ್ತುಪಡಿಸುವದರಲ್ಲಿ ಮುಂಬಯಿ ಐ.ಐ.ಟಿ.ಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರು ದುಡಿದರು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಪ್ರಯೋಗ. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲಿ ಬಳಕೆ. ಆ ಯಂತ್ರದ ಮುಖವನ್ನು ವಾಚಕರು ಸ್ಮರಿಸಿಕೊಳ್ಳಲಿ. ಹೆಸರು, ಚಿಹ್ನೆ, ನೀಲಿ ಗುಂಡಿ ಇವು ಒಂದೇ ಸಾಲಿನಲ್ಲಿವೆ. ಒತ್ತಿದರೆ ಆ ಸಾಲಿನಲ್ಲಿಯೇ ಕೆಂಪು ದೀಪ ಹತ್ತುತ್ತದೆ, ಉದ್ದವಾದ ಧ್ವನಿಯೊಂದು ಕೇಳಿಸುತ್ತದೆ. ಕಣ್ಣಿಲ್ಲದವರಿಗಾಗಿ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಕೋಟಿ ಕೋಟಿ ಜನರು ಯಾವ ತರಬೇತಿಯೂ ಇಲ್ಲದೆ, ಯಾರನ್ನೂ ಕೇಳದೆ, ಮರೆಯ ಹಿಂದೆ ಒಬ್ಬರೇ ನಿಂತು ಅದನ್ನು ಉಪಯೋಗಿಸುತ್ತಾರೆ. ಗುಪ್ತ ಮತದಾನಕ್ಕೆ ಕಾನೂನು ಒಂದು ಕಾವಲಾದರೆ, ಯಾರನ್ನೂ ಕೇಳದೆ ಬಳಸಬಹುದಾದ ಆ ಮುಖವು ಇನ್ನೊಂದು ಕಾವಲು.

ಕನ್ನಡದ ಅಕ್ಷರಗಳ ವಿಷಯದಲ್ಲಿಯೂ ಇಂಥ ಕಥೆಯೇ ನಡೆದಿದೆ. ಸಂಸ್ಕೃತ ವ್ಯಾಕರಣವನ್ನು ಓದಿದ ನಮಗೆ ಇದು ವಿಶೇಷವಾಗಿ ಪ್ರಿಯವಾದದ್ದು. ಕನ್ನಡದ ಬೆರಳಚ್ಚು ಯಂತ್ರವು ಬಂದಾಗ ಅದರ ಕೀಲಿಗಳು ಸ್ವಲ್ಪ, ನಮ್ಮ ಗುಣಿತಾಕ್ಷರಗಳೂ ಒತ್ತಕ್ಷರಗಳೂ ನೂರಾರು. ಆದುದರಿಂದ ಅಕ್ಷರಗಳನ್ನು ತುಂಡು ತುಂಡಾಗಿ ಕೀಲಿಗಳ ಮೇಲಿಟ್ಟು ಕಾಗದದ ಮೇಲೆ ಜೋಡಿಸಬೇಕಾಯಿತು. ಆ ಕಬ್ಬಿಣದ ಯಂತ್ರದಲ್ಲಿ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಮನುಷ್ಯನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಯಂತ್ರಕ್ಕೆ ಒಗ್ಗಿದನು. ಗಣಕಯಂತ್ರವು ಬಂದ ಮೇಲೆ ಮಂಗಳೂರ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಶ್ರೀ ಕೆ. ಪಿ. ರಾಯರು ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದರು. ಅಕ್ಷರದ ಆಕಾರವನ್ನು ಒಡೆಯುವ ಬದಲು ಅದರ ಉಚ್ಚಾರವನ್ನು ಒಡೆದರು. ‘ಕ’ಕಾರಕ್ಕೆ ಒಂದು ಕೀಲಿ, ಅದನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣ ‘ಖ’ಕಾರ. ವ್ಯಂಜನದ ಕೂಡ ಅಕಾರವು ತಾನೇ ಬರುತ್ತದೆ. ಬೇರೆ ಸ್ವರ ಬೇಕಾದರೆ ಮುಂದೆ ಅದನ್ನು ಒತ್ತಬೇಕು. ಎರಡು ವ್ಯಂಜನಗಳ ನಡುವೆ ಕೂಡಿಸುವ ಕೀಲಿಯೊಂದನ್ನು ಒತ್ತಿದರೆ ಒತ್ತಕ್ಷರ ಸಿದ್ಧ. ಇಂಗ್ಲಿಷ್ ಅಕ್ಷರಗಳ 26 ಕೀಲಿಗಳಲ್ಲಿ ಕನ್ನಡದ ವರ್ಣಮಾಲೆಯೆಲ್ಲವೂ ಅಡಗಿತು.

ವಾಚಕರೇ, ಇದು ಯಾವ ಕ್ರಮ? ನಮ್ಮ ಶಿಕ್ಷಾಶಾಸ್ತ್ರವು ವರ್ಣಗಳನ್ನು ವಿಂಗಡಿಸಿದ ಕ್ರಮವೇ ಇದು. ಒಂದನೆಯ ಇಯತ್ತೆಯ ಹುಡುಗನು ಕಾಗುಣಿತ ಕಲಿಯುವ ಕ್ರಮವೂ ಇದೇ. ಅಂದರೆ ಕನ್ನಡಿಗನ ತಲೆಯಲ್ಲಿ ಮೊದಲೇ ಇದ್ದ ವ್ಯವಸ್ಥೆಯನ್ನೇ ರಾಯರು ಯಂತ್ರಕ್ಕೆ ಕಲಿಸಿದರು. ಕನ್ನಡ ಬಲ್ಲವನು ಅರ್ಧ ದಿನದಲ್ಲಿ ಅದನ್ನು ಹಿಡಿಯಬಲ್ಲನು. ಮುಂದೆ ಕರ್ನಾಟಕ ಸರಕಾರವು ಅದನ್ನೇ ಮಾನ್ಯ ಮಾಡಿತು. ‘ನುಡಿ’ ತಂತ್ರಾಂಶದಲ್ಲಿ ಇಂದು ಕಚೇರಿ ಕಚೇರಿಗಳಲ್ಲಿ ನಡೆದಿರುವದು ಅದೇ ವಿನ್ಯಾಸ. ರಾಯರು ಅದರ ಮೇಲೆ ಹಕ್ಕು ಸಾಧಿಸದೆ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರೆಂಬದನ್ನು ಇಲ್ಲಿ ಹೇಳದಿದ್ದರೆ ಕೃತಘ್ನತೆಯಾದೀತು. ಒಳ್ಳೆಯ ವಿನ್ಯಾಸವೆಂದರೆ ಹೊಸದನ್ನು ಹೇರುವದಲ್ಲ. ಬಳಸುವವನಲ್ಲಿ ಇರುವದನ್ನು ಕಂಡುಹಿಡಿದು ಅದರ ಮೇಲೆ ಕಟ್ಟುವದು.

ಇನ್ನು ಇದರಿಂದ ನಮ್ಮ ಮನೆಗಳಿಗೆ ಆಗಬೇಕಾದದ್ದೇನೆಂಬದನ್ನು ನೋಡೋಣ. ಹೊಲದ ಪಹಣಿಯು 2000ರ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಿಂದ ಗಣಕಯಂತ್ರವನ್ನು ಸೇರಿತು. ಪಿಂಚಣಿ, ರೇಶನ್, ಸಾಲೆಯ ಪ್ರವೇಶ, ಬ್ಯಾಂಕಿನ ವ್ಯವಹಾರ ಇವೆಲ್ಲಕ್ಕೂ ಈಗ ಯಂತ್ರದ ಮುಖವನ್ನು ದಾಟಿಯೇ ಹೋಗಬೇಕು. ಅಲ್ಲಿ ತಡವರಿಸಿದವನು ತನ್ನ ಹಕ್ಕಿನಲ್ಲಿಯೇ ತಡವರಿಸಿದಂತೆ. ಸಂತೆಯ ದಿನ ತಾಲೂಕಿನ ಊರಿನ ಎ.ಟಿ.ಎಂ. ಎದುರಿಗೆ ನಿಂತು ನೋಡಿರಿ. ಎಷ್ಟೋ ಜನ ವೃದ್ಧರು ಕಾರ್ಡನ್ನೂ ಗುಪ್ತಸಂಖ್ಯೆಯನ್ನೂ ಹಿಂದೆ ನಿಂತ ಅಪರಿಚಿತನ ಕೈಗೆ ಕೊಟ್ಟು, ತಗದು ಕೊಡೋ ತಮ್ಮಾ, ಎನ್ನುತ್ತಾರೆ. ನಂಬಿಕೆಯು ಒಳ್ಳೆಯ ಗುಣವೇ. ಆದರೆ ಇದು ನಂಬಿಕೆಯಲ್ಲ, ನಿರುಪಾಯ. ಆ ತಮ್ಮನು ಸಜ್ಜನನಾಗಿದ್ದರೆ ಹಣ ಉಳಿಯಿತು. ಮಾನವಂತೂ ಅಷ್ಟರಲ್ಲಿಯೇ ಸ್ವಲ್ಪ ಹೋಯಿತು. ಜೀವಮಾನವೆಲ್ಲ ಎತ್ತು, ಮಳೆ, ಸಾಲ, ಸಂಸಾರಗಳನ್ನು ನಿಭಾಯಿಸಿದ ಮನುಷ್ಯನು ಒಂದು ಪೆಟ್ಟಿಗೆಯ ಮುಂದೆ ಮೂರ್ಖನಾಗಿ ನಿಲ್ಲಬೇಕೆ?

ಅದೇ ಎ.ಟಿ.ಎಂ.ನಲ್ಲಿ ವಿವೇಕದ ಕೆಲಸವೂ ಉಂಟು. ಹಣವು ಮೊದಲು ಹೊರಬಂದರೆ ಜನರು ಹಣವನ್ನು ಎಣಿಸುತ್ತ ಕಾರ್ಡನ್ನು ಅಲ್ಲಿಯೇ ಮರೆತು ಹೋಗುತ್ತಾರೆ. ಬಂದ ಕೆಲಸ ಆಯಿತೆಂದರೆ ಮನಸ್ಸು ಹೊರಟುಬಿಡುವದು ಮನುಷ್ಯಸ್ವಭಾವ. ಇದನ್ನು ಕಂಡುಕೊಂಡು, ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡ ಮೇಲೆಯೇ ಹಣ ಕೊಡುವಂತೆ ಅನೇಕ ಯಂತ್ರಗಳನ್ನು ಮಾಡಿದ್ದಾರೆ. ಹಾಗೆಯೇ ಪಾಲ್ ಫಿಟ್ಸ್ ಎಂಬ ವಿದ್ವಾಂಸನು 1954ರಲ್ಲಿ ಒಂದು ನಿಯಮವನ್ನು ತೋರಿಸಿಕೊಟ್ಟನು: ಗುರಿಯು ದೂರವೂ ಸಣ್ಣದೂ ಆದಷ್ಟು ಕೈ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು. ಕಳೆ ಕಿತ್ತು ದಪ್ಪವಾದ ಹೆಬ್ಬೆರಳಿಗೆ ಫೋನಿನ ಮೇಲಿನ ಕಾಳಿನಷ್ಟು ಗುಂಡಿಯು ಸಿಕ್ಕದಿದ್ದರೆ ಅದು ಬೆರಳಿನ ದೋಷವಲ್ಲ, ಗುಂಡಿಯ ದೋಷ. ಈಗ ನಮ್ಮ ಕಿರಾಣಿ ಅಂಗಡಿಗಳಲ್ಲಿ ಹಣ ಬಂದ ಕೂಡಲೆ ಕನ್ನಡದಲ್ಲಿ ಕೂಗಿ ಹೇಳುವ ಸಣ್ಣ ಡಬ್ಬಿಗಳನ್ನು ಇಟ್ಟಿರುತ್ತಾರೆ. ಅಂಗಡಿಕಾರನ ಕೈ ತಕ್ಕಡಿಯಲ್ಲಿ, ಕಣ್ಣು ಗಿರಾಕಿಯ ಮೇಲೆ, ಖಾಲಿಯಿರುವದು ಕಿವಿಯೊಂದೇ. ಆ ಕಿವಿಯನ್ನು ಹುಡುಕಿದವನು ಈ ಕಸಬನ್ನು ಬಲ್ಲವನೆಂಬದರಲ್ಲಿ ಸಂಶಯವಿಲ್ಲ.

ಪರದೆಯ ಮೇಲಿನ ಮಾತಿನ ವಿಷಯದಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಸಂಸ್ಕೃತವು ನಮಗೆ ತಾಯಿಯ ಸಮಾನ; ಆದರೂ ಬ್ಯಾಂಕಿನ ಯಂತ್ರದ ಮೇಲೆ ಅದಕ್ಕೆ ಸ್ಥಾನವಿಲ್ಲ. ‘ಅಮಾನ್ಯ ನಮೂದು, ಪುನಃ ಪ್ರಯತ್ನಿಸಿ’ ಎಂದು ಬರೆದರೆ ಓದುವವನಿಗೆ ತಾನೇನೋ ಅಪರಾಧ ಮಾಡಿದಂತಾಗುತ್ತದೆ. ‘ಫೋನ್ ನಂಬರಿನಲ್ಲಿ 10 ಅಂಕಿ ಇರಬೇಕು; ನೀವು 9 ಒತ್ತಿದ್ದೀರಿ’ ಎಂದು ಬರೆದರೆ ಮುಂದೆ ಮಾಡತಕ್ಕದ್ದೇನೆಂಬದು ತಿಳಿಯುತ್ತದೆ. ಇಂಥ ಮಾತುಗಳನ್ನು ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ತಿರುಗಿಸದೆ, ಕನ್ನಡದಲ್ಲಿಯೇ ಆಲೋಚಿಸಿ ಬರೆಯುವದೂ ಈ ಉದ್ಯೋಗದ ಒಂದು ಶಾಖೆ. ಕನ್ನಡ ಚೆನ್ನಾಗಿ ಕಲಿತ ಮಕ್ಕಳಿಗೆ ಅಲ್ಲಿ ಎಡೆಯುಂಟು.

ಈ ಉದ್ಯೋಗದವರ ನಿತ್ಯದ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮೊದಲನೆಯದು ನೋಡುವದು: ಜನರಿದ್ದಲ್ಲಿಗೆ ಹೋಗಿ ಅವರು ಕೆಲಸವನ್ನು ಹೇಗೆ ಮಾಡುತ್ತಾರೆಂದು ಗಮನಿಸುವದು. ಎರಡನೆಯದು ಬರೆಯುವದು: ಕಾಗದದ ಮೇಲೆ ಪರದೆಯ ನಕ್ಷೆಯನ್ನು ಹಾಕಿ ಹತ್ತು ಸಲ ಅಳಿಸುವದು. ಮೂರನೆಯದು ಪರೀಕ್ಷಿಸುವದು: ಬಳಸುವವರ ಮುಂದೆ ಅದನ್ನಿಟ್ಟು, ತಾನು ಬಾಯಿ ಮುಚ್ಚಿಕೊಂಡು, ಅವರ ಕೈ ಎಲ್ಲಿ ನಿಲ್ಲುತ್ತದೆಂದು ನೋಡುವದು. ನಾಲ್ಕನೆಯದು ತಿದ್ದುವದು. ಪರೀಕ್ಷೆಗೆ ಸಾವಿರಾರು ಜನರು ಬೇಕೆಂದಿಲ್ಲ. ಈ ವಿದ್ಯೆಯಲ್ಲಿ ಹೆಸರಾದ ಜೇಕಬ್ ನೀಲ್ಸನ್ ಎಂಬವರು, ಐದು ಜನರನ್ನು ಕೂಡಿಸಿ ನೋಡಿದರೆ ದೋಷಗಳ ಬಹುಭಾಗವು ಹೊರಬೀಳುವದೆಂದು ಹೇಳಿದ್ದಾರೆ. ಐದು ಜನರು ಯಾವ ಕಟ್ಟೆಯ ಮೇಲಾದರೂ ಸಿಕ್ಕುತ್ತಾರೆ.

ಕಲಿಯುವ ಸ್ಥಳಗಳನ್ನು ಕೇಳುವವರಿಗೆ ಇಷ್ಟನ್ನು ಹೇಳುತ್ತೇವೆ. ಹನ್ನೆರಡನೆಯ ಇಯತ್ತೆಯಾದ ಮೇಲೆ, ವಿಜ್ಞಾನ, ವಾಣಿಜ್ಯ, ಕಲೆ ಯಾವದನ್ನೇ ಓದಿದ್ದರೂ, ಡಿಸೈನ್ ಪದವಿಗಾಗಿ ‘ಯುಸೀಡ್’ ಎಂಬ ಪ್ರವೇಶಪರೀಕ್ಷೆಗೆ ಕೂಡಬಹುದು; ಪದವಿಯಾದ ಮೇಲೆ ಉಚ್ಚ ಶಿಕ್ಷಣಕ್ಕೆ ‘ಸೀಡ್’ ಎಂಬ ಪರೀಕ್ಷೆಯುಂಟು. ಎರಡನ್ನೂ ನಡೆಸುವದು ಮುಂಬಯಿಯ ಐ.ಐ.ಟಿ. ಅಲ್ಲಿಯ ಡಿಸೈನ್ ಶಾಲೆಯು 1969ರಲ್ಲಿ ಸ್ಥಾಪಿತವಾದದ್ದು. ಅಹಮದಾಬಾದಿನಲ್ಲಿ 1961ರಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಶಾಖೆಯಿದೆ. ಅದರ ಪ್ರವೇಶಪರೀಕ್ಷೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಡಿಸೈನ್ ವಿಷಯದ ಸ್ನಾತಕೋತ್ತರ ವಿಭಾಗವುಂಟು. ಗಣಕಶಾಸ್ತ್ರ, ಮನಃಶಾಸ್ತ್ರ, ಚಿತ್ರಕಲೆ, ಭಾಷೆ ಇವುಗಳಲ್ಲಿ ಯಾವ ಬಾಗಿಲಿನಿಂದಲಾದರೂ ಈ ಮನೆಯೊಳಗೆ ಬರಬಹುದು. ವೆಚ್ಚದ ಚಿಂತೆಯಿಂದ ಹಿಂಜರಿಯುವವರು ಶಿಷ್ಯವೇತನಗಳನ್ನು ವಿಚಾರಿಸಲಿ. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಬಿಟ್ಟುಕೊಟ್ಟು 1906ರಲ್ಲಿ ತೀರಿಕೊಂಡರು. ಹೊಸ ವಿದ್ಯೆಗೆ ಹೆದರುವದು ಅವರ ಊರಿನವರಿಗೆ ಒಪ್ಪದು.

ಉದ್ಯೋಗದ ದೋಷವನ್ನೂ ಮುಚ್ಚಿಡಲಾಗದು. ಮನುಷ್ಯನ ಕೈ ಎಲ್ಲಿ ಹೋಗುವದೆಂದು ಬಲ್ಲವನು ಅದನ್ನು ಹಳ್ಳಕ್ಕೂ ನಡೆಸಬಲ್ಲನು. ಕೇಳದ ವಸ್ತುವನ್ನು ಬುಟ್ಟಿಯಲ್ಲಿ ಸೇರಿಸುವದು, ಇನ್ನು ಎರಡೇ ಉಳಿದಿವೆ ಎಂದು ಸುಳ್ಳು ಅವಸರ ಹುಟ್ಟಿಸುವದು, ಸೇರುವ ಬಾಗಿಲನ್ನು ದೊಡ್ಡದಾಗಿಟ್ಟು ಬಿಡುವ ಬಾಗಿಲನ್ನು ಅಡಗಿಸುವದು—ಇಂಥ ಮೋಸಗಳೂ ವಿನ್ಯಾಸಕಾರರ ಕೈಯಿಂದಲೇ ಹುಟ್ಟುತ್ತವೆ. ಇವುಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರು. ಭಾರತದಲ್ಲಿ ಗ್ರಾಹಕ ಸಂರಕ್ಷಣೆಯ ಅಧಿಕಾರಿಗಳು 2023ರಲ್ಲಿ ಇಂಥ 13 ಬಗೆಗಳನ್ನು ಎಣಿಸಿ ನಿಷೇಧಿಸಿದ್ದಾರೆ. ಆದರೂ ಕಾನೂನು ತಲುಪದ ಜಾಗ ಬಹಳ. ಅಲ್ಲಿ ಮನೆಯಲ್ಲಿ ಕಲಿತ ಧರ್ಮವೇ ಕಾಯಬೇಕು. ಮಗನೋ ಮಗಳೋ ಈ ಉದ್ಯೋಗಕ್ಕೆ ಹೊರಟರೆ, ನಿನ್ನ ಅಜ್ಜಿಯು ಒತ್ತಲಿರುವ ಗುಂಡಿಯೆಂದು ತಿಳಿದು ಪ್ರತಿಯೊಂದು ಗುಂಡಿಯನ್ನು ಮಾಡು, ಎಂದು ಹೇಳಿ ಕಳಿಸಬೇಕು.

ಹಳ್ಳಿಯ ಮಕ್ಕಳು ಈ ಕೆಲಸಕ್ಕೆ ಹೋಗಬೇಕೆಂದು ನಾವು ಒತ್ತಿ ಹೇಳುವದಕ್ಕೆ ಕಾರಣವಿದೆ. ಅಕ್ಷರವನ್ನು ಬೆರಳಿಟ್ಟು ಓದುವವರ ನಡುವೆ, ಬಿಸಿಲಿನಲ್ಲಿ ಫೋನಿನ ಪರದೆ ಕಾಣದೆ ಸೆರಗು ಮರೆ ಮಾಡಿ ನೋಡುವವರ ನಡುವೆ ಬೆಳೆದ ಹುಡುಗಿಗೆ ಗೊತ್ತಿರುವದು, ತಂಪು ಕೋಣೆಯಲ್ಲಿ ಕುಳಿತವನಿಗೆ ಪುಸ್ತಕದಿಂದ ಸಿಕ್ಕುವದಿಲ್ಲ. ಇಂಥವರು ಅಲ್ಲಿ ಇಲ್ಲದಿದ್ದರೆ ಯಂತ್ರಗಳೆಲ್ಲ ಪಟ್ಟಣದ ತರುಣನ ಕೈಯ ಅಳತೆಗೇ ತಯಾರಾಗುತ್ತಿರುವವು.

ನಿಮ್ಮ ಮಗುವಿಗೆ ಈ ಉದ್ಯೋಗವು ತಕ್ಕದ್ದೋ ಅಲ್ಲವೋ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದನ್ನು ಸೂಚಿಸುತ್ತೇವೆ. ಮನೆಯಲ್ಲಿರುವ ಅಜ್ಜಿಯ ಕೈಗೆ ಫೋನನ್ನು ಕೊಟ್ಟು, ದೂರದಲ್ಲಿರುವ ಮಗಳಿಗೆ ಒಂದು ಫೋಟೋ ಕಳಿಸಲು ಹೇಳಿರಿ. ಮಗುವನ್ನು ಪಕ್ಕದಲ್ಲಿ ಕೂಡಿಸಿರಿ. ಅಜ್ಜಿಯು ತಡವರಿಸುವಳು, ಹಿಂದಕ್ಕೆ ಹೋಗುವಳು, ತಪ್ಪು ಗುಂಡಿಯನ್ನು ಒತ್ತುವಳು. ಆಗ, ಕೊಡ ಇಲ್ಲಿ, ನಾನ ಮಾಡತೇನಿ, ಎಂದು ಫೋನನ್ನು ಕಸಿದುಕೊಳ್ಳುವ ಮಗು ಬೇರೆ ಉದ್ಯೋಗವನ್ನು ನೋಡಿಕೊಳ್ಳಲಿ. ಜಗತ್ತಿನಲ್ಲಿ ಉದ್ಯೋಗಗಳಿಗೆ ಕೊರತೆಯಿಲ್ಲ. ಕೈಯನ್ನು ಮಡಿಚಿಕೊಂಡು ಅಜ್ಜಿಯ ಬೆರಳು ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ನೋಡುತ್ತ ಕುಳಿತು, ಕಡೆಗೆ, ಅಜ್ಜೀ, ನಿನಗ ಯಾವ ಗುರುತು ಇದ್ದರ ತಿಳೀತಿತ್ತು, ಎಂದು ಕೇಳುವ ಮಗುವಾದರೆ, ಅದರ ದಾರಿಗೆ ಅಡ್ಡ ಬರಬೇಡಿರಿ.